ಕಾಲಾಳಿನ ಬುತ್ತಿ

(ಇಳಕಲ್ಲಿನ ಒಂದು ಓಣಿಯ ಅಕ್ಷರ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಹೋದ ವಾರ ನಾವು ಕಿತ್ತೂರ ಚೆನ್ನಮ್ಮನ ಪಾಠ ಓದಿದೆವು. ಒಬ್ಬೊಬ್ಬರೂ ಒಂದೊಂದು ಸಾಲು ಓದಿದಿರಿ. ಕೆಲವರು ಅಕ್ಷರ ಕೂಡಿಸಿ ಕೂಡಿಸಿ ಓದಿದಿರಿ. ಆದರೂ ಓದಿದಿರಿ. ನನಗೆ ಬಹಳ ಸಂತೋಷ ಆಯಿತು.

ಪಾಠ ಮುಗಿದ ಮೇಲೆ ಒಬ್ಬ ಅಜ್ಜಿ ಕೈ ಎತ್ತಿದರು. ಅವರು ಹಗಲೆಲ್ಲ ಕಂಡಿಕಿ ಸುತ್ತುತ್ತಾರೆ. ಸಂಜೆ ಪಾಟಿ ಹಿಡಿದು ಇಲ್ಲಿಗೆ ಬರುತ್ತಾರೆ. ಅವರು ಕೇಳಿದರು:

"ಅಕ್ಕಾರ, ರಾಣಿ ಕಥಿ ಚಲೋ ಐತಿ. ರಾಜರ ಕಥಿನೂ ಬೇಕಾದಷ್ಟು ಕೇಳೀವಿ. ಆದರ ಅವರ ಹಿಂದ ನಡಕೋಂತ ಹೋದಾವ ಒಬ್ಬ ಇದ್ದನಲ್ಲ, ಬರಿಗಾಲಿನ್ಯಾವ, ಅವನ ಕಥಿ ಯಾಕಿಲ್ಲ? ಅವಗ ಪಗಾರ ಯಾರು ಕೊಟ್ಟರು? ಅವನ ಬುತ್ತಿ ಯಾರು ಕಟ್ಟಿದರು?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ನಾನು ಕನ್ನಡ ಸಾಲಿ ಟೀಚರ. ಮಕ್ಕಳಿಗೆ ರಾಜರ ಹೆಸರು, ಇಸವಿ ಕಲಿಸುತ್ತ ಬಂದವಳು. ನಡಕೊಂಡು ಹೋದವನ ಬಗ್ಗೆ ನಾನೂ ಯಾವತ್ತೂ ಕೇಳಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತೆಗೆದು ಓದಿದೆ. ಇವತ್ತು ಆ ಅಜ್ಜಿಗೆ ಉತ್ತರ ಹೇಳಬೇಕು. ನೀವೂ ಕೇಳಿರಿ.

ಕಾಲಾಳು ಅಂದರೆ ಯಾರು?

ಕಾಲಿನ ಮೇಲೆ ನಡೆದು ಯುದ್ಧಕ್ಕೆ ಹೋಗುವ ಆಳು ಕಾಲಾಳು. ಅವನಿಗೆ ಕುದುರೆ ಇಲ್ಲ, ಆನೆ ಇಲ್ಲ. ಹೆಗಲ ಮೇಲೆ ಹತಾರ, ಸೊಂಟಕ್ಕೆ ಬುತ್ತಿ ಗಂಟು. ಅಷ್ಟೇ ಅವನ ಆಸ್ತಿ.

ಇನ್ನೂರು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಇಂಥ ಕಾಲಾಳುಗಳು ಹಲವು ಬಗೆಯವರಿದ್ದರು.

ಒಬ್ಬನಿಗೆ ಪಗಾರದ ಬದಲು ಹೊಲ ಕೊಡುತ್ತಿದ್ದರು. ಹೊಲ ಉಣ್ಣಬೇಕು, ಕರೆ ಬಂದಾಗ ಹತಾರ ಹಿಡಿದು ಹೋಗಬೇಕು. ಇಂಥವನಿಗೆ ಶೇತಸನದಿ ಅನ್ನುತ್ತಿದ್ದರು. ನಮ್ಮ ಸಂಗೊಳ್ಳಿ ರಾಯಣ್ಣ ಶೇತಸನದಿ ಆಗಿದ್ದವನು. ಕಿತ್ತೂರಿಗಾಗಿ ಹೋರಾಡಿದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದರು.

ಇನ್ನೊಬ್ಬ ಬಾಡಿಗೆಯ ಕಾಲಾಳು. ಬನಶಂಕರಿ ಜಾತ್ರೆಗೆ ಹೋದಾಗ ನೀವು ಬಾದಾಮಿಯ ಕೆಂಪು ಗುಡ್ಡ, ಅದರ ಮೇಲಿನ ಕೋಟೆ ನೋಡಿದ್ದೀರಿ. 1841ರಲ್ಲಿ ನರಸಿಂಗರಾವ ಎಂಬ ಕಣ್ಣಿಲ್ಲದ ಒಬ್ಬ ಮನುಷ್ಯ ಆ ಕೋಟೆ ಹಿಡಿದ. ಅವನ ಜೊತೆ ಬಂದವರು 125 ಮಂದಿ ಅರಬರು. ಅವರು ದೂರದ ದೇಶದವರು. ಹೈದರಾಬಾದ ನಿಜಾಮನ ಸೀಮೆಯಲ್ಲಿ ಇಂಥವರು ಹಣ ಕೊಟ್ಟವರ ಕಡೆ ಕಾದುತ್ತಿದ್ದರು. ಬೆಳಗಾವಿಯಿಂದ ಕಂಪನಿ ಸರಕಾರದ ದಂಡು ಬಂದು ಕೆಲವು ದಿನಗಳಲ್ಲೇ ಕೋಟೆ ಬಿಡಿಸಿಕೊಂಡಿತು.

ಮೂರನೆಯವನು ಕಂಪನಿ ಸರಕಾರದ ಸಿಪಾಯಿ. ಇವನಿಗೆ ತಿಂಗಳ ಪಗಾರ ಇತ್ತು.

ನಾಲ್ಕನೆಯವನಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ, ಪಗಾರವೂ ಇಲ್ಲ. ಅವನು ತನ್ನ ಊರಿನ ಸಲುವಾಗಿ, ತನ್ನ ಮನೆಯ ಮುಂದೆ ನಿಂತು ಕಾದಿದ. ಅಜ್ಜಿ ಕೇಳಿದ್ದು ಇವನ ಕಥೆಯನ್ನೇ ಅಂತ ನನಗೆ ಅನ್ನಿಸಿತು. ಅವನು ದೂರದವನಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಹಲಗಲಿಯವನು.

ಮೊದಲು ಪಗಾರದ ಸಿಪಾಯಿಯ ಸಂಗತಿ ಹೇಳುತ್ತೇನೆ. ಅದು ತಿಳಿದರೆ ಹಲಗಲಿಯ ಸಂಗತಿ ತಿಳಿಯುತ್ತದೆ.

ಏಳು ರೂಪಾಯಿ ಪಗಾರ

ಆಗ ನಮ್ಮ ದೇಶವನ್ನು ಆಳುತ್ತಿದ್ದುದು ಈಸ್ಟ್ ಇಂಡಿಯಾ ಕಂಪನಿ. ಅದು ವ್ಯಾಪಾರಕ್ಕೆ ಬಂದ ಇಂಗ್ಲಿಷರ ಕಂಪನಿ. ಬರಬರುತ್ತ ಅದೇ ಸರಕಾರ ಆಯಿತು. 1818ರಲ್ಲಿ ಪೇಶ್ವೆಯರನ್ನು ಸೋಲಿಸಿತು. ಆಗ ನಮ್ಮ ಸೀಮೆಯೂ ಅದರ ಕೈಗೆ ಹೋಯಿತು.

ಕಂಪನಿಯ ಅಧಿಕಾರಿಗಳು ಬಿಳಿಯರು. ಆದರೆ ಸಿಪಾಯಿಗಳಲ್ಲಿ ಬಹಳ ಮಂದಿ ನಮ್ಮ ದೇಶದವರೇ. ಬಡ ರೈತರ ಮಕ್ಕಳು. ಕಾಲಾಳು ಸಿಪಾಯಿಗೆ ತಿಂಗಳಿಗೆ 7 ರೂಪಾಯಿ ಪಗಾರ. ಅದರಲ್ಲೇ ಅವನು ತನ್ನ ಊಟ ನೋಡಿಕೊಳ್ಳಬೇಕು. ಉಳಿದದ್ದನ್ನು ಊರಿಗೆ ಕಳಿಸಬೇಕು. ಎಷ್ಟು ಉಳಿದೀತು? ನೀವೇ ಲೆಕ್ಕ ಹಾಕಿರಿ.

ಅವನ ಬಂದೂಕು ನಾಲ್ಕೂವರೆ ಕಿಲೋ ತೂಕ. ಐದು ಕಿಲೋ ಜೋಳದ ಚೀಲ ಇಡೀ ದಿನ ಹೆಗಲ ಮೇಲೆ ಹೊತ್ತು ನಡೆದರೆ ಹೇಗಾಗುತ್ತದೆ? ಹೆಚ್ಚು ಕಡಿಮೆ ಹಾಗೆ.

ಆ ಬಂದೂಕು ಹಾರಿಸುವುದು ಸುಲಭ ಇರಲಿಲ್ಲ. ಕಾಗದದ ಒಂದು ಸುರುಳಿ ಇರುತ್ತಿತ್ತು. ಅದಕ್ಕೆ ಕಾಡತೂಸು ಅನ್ನುತ್ತಾರೆ. ಅದರೊಳಗೆ ಮದ್ದು ಮತ್ತು ಗುಂಡು. ಸಿಪಾಯಿ ಆ ಕಾಗದವನ್ನು ಹಲ್ಲಿನಿಂದ ಹರಿಯಬೇಕು. ಮದ್ದನ್ನು ಬಂದೂಕಿನ ಬಾಯಿಗೆ ಸುರಿಯಬೇಕು. ಗುಂಡು ಹಾಕಬೇಕು. ಉದ್ದನ್ನ ಕಬ್ಬಿಣದ ಕಡ್ಡಿಯಿಂದ ಒತ್ತಿ ಜಡಿಯಬೇಕು. ಆಮೇಲೆ ಗುರಿ ಹಿಡಿಯಬೇಕು. ಚೆನ್ನಾಗಿ ಕಲಿತವನು ಒಂದು ನಿಮಿಷಕ್ಕೆ ಎರಡು ಮೂರು ಸಲ ಹಾರಿಸುತ್ತಿದ್ದ. ಅಷ್ಟರೊಳಗೆ ಎದುರಿನವನು ಸುಮ್ಮನೆ ಇರುತ್ತಾನೆಯೆ? ಇರುವುದಿಲ್ಲ.

1857ರಲ್ಲಿ ಹೊಸ ಬಂದೂಕು ಬಂತು. ಅದರ ಕಾಡತೂಸಿಗೆ ಆಕಳ ಕೊಬ್ಬು, ಹಂದಿಯ ಕೊಬ್ಬು ಸವರಿದ್ದಾರೆ ಎಂದು ಸುದ್ದಿ ಹಬ್ಬಿತು. ಬಾಯಲ್ಲಿ ಕಚ್ಚಬೇಕಾದ ಸಾಮಾನು ಅದು. ಹಿಂದೂ ಸಿಪಾಯಿಗೂ ನೋವಾಯಿತು. ಮುಸ್ಲಿಂ ಸಿಪಾಯಿಗೂ ನೋವಾಯಿತು. ಅದಕ್ಕೆ ಮೊದಲೇ ಹೊಟ್ಟೆಯಲ್ಲಿ ಬೆಂಕಿ ಇತ್ತು. ಪಗಾರ ಕಡಿಮೆ, ಅವಮಾನ ಹೆಚ್ಚು. ಕಂಪನಿ ಒಂದೊಂದೇ ಸಂಸ್ಥಾನ ನುಂಗುತ್ತಿತ್ತು. ಇನಾಮ ಹೊಲಗಳ ಕಾಗದ ಕೇಳಿ ಕೇಳಿ ಕಸಿದುಕೊಳ್ಳುತ್ತಿತ್ತು.

1857ರ ಮಾರ್ಚ್ 29ರಂದು ಬಂಗಾಲದ ಬ್ಯಾರಕಪುರದಲ್ಲಿ ಮಂಗಲ ಪಾಂಡೆ ಎಂಬ ಸಿಪಾಯಿ ತನ್ನ ಅಧಿಕಾರಿಗಳ ಮೇಲೇ ತಿರುಗಿ ಬಿದ್ದ. ಅವನು ರಾಜ ಅಲ್ಲ, ಸರದಾರ ಅಲ್ಲ. ಬರೀ ಕಾಲಾಳು. ಏಪ್ರಿಲ್ 8ರಂದು ಅವನನ್ನು ಗಲ್ಲಿಗೆ ಹಾಕಿದರು. ಮೇ 10ರಂದು ಮೀರತ್ ಊರಿನ ಸಿಪಾಯಿಗಳು ಎದ್ದರು. ಅಲ್ಲಿಂದ ದಿಲ್ಲಿಗೆ ಹೋದರು. ಉತ್ತರ ದೇಶಕ್ಕೆಲ್ಲ ಬೆಂಕಿ ಹತ್ತಿತು. ಅದರ ಝಳ ನಮ್ಮ ಕೃಷ್ಣೆ, ಘಟಪ್ರಭೆಯ ದಂಡೆಗೂ ಬಂತು.

ಒಂದು ಕಾಗದ ಬಂತು

ಸಿಪಾಯಿಗಳು ಎದ್ದದ್ದು ನೋಡಿ ಕಂಪನಿಗೆ ಅಂಜಿಕೆ ಹುಟ್ಟಿತು. ಜನರ ಕೈಯಲ್ಲಿ ಹತಾರ ಇರಬಾರದು ಎಂದು ಅದು ಯೋಚಿಸಿತು. 1857ರಲ್ಲೇ ಒಂದು ಕಾಯದೆ ತಂದಿತು. ಕತ್ತಿ, ಈಟಿ, ಬಂದೂಕು ಏನೇ ಇರಲಿ, ಅದನ್ನು ತಂದು ಸರಕಾರಕ್ಕೆ ತೋರಿಸಬೇಕು. ದಾಖಲೆ ಮಾಡಿಸಬೇಕು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ತಪ್ಪು. ಜನ ಇದಕ್ಕೆ ಹತಾರ ಕಸಿಯುವ ಕಾಯದೆ ಅಂದರು.

ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಮುಧೋಳದಲ್ಲಿ ಘೋರ್ಪಡೆ ಮನೆತನದ ಅರಸರು ಇದ್ದರು. ಅರಸರ ಮೇಲೆ ಕಂಪನಿ ಇತ್ತು. ಹಲಗಲಿಯಲ್ಲಿ ಬೇಡ ಜನಾಂಗದವರು ಬಹಳ ಮಂದಿ. ವಾಲ್ಮೀಕಿ, ನಾಯಕ ಅಂತ ಇವತ್ತು ನಾವು ಗೌರವದಿಂದ ಕರೆಯುವ ಜನ ಅವರು.

ಅವರಿಗೆ ಹತಾರ ಅಂದರೆ ಏನು? ಬೇಟೆ ಆಡಿ ಹೊಟ್ಟೆ ಹೊರೆಯುವವರು ಅವರು. ಊರು ಕಾಯುವವರು ಅವರು. ಹಿಂದೆ ಪಾಳೆಯಗಾರರ ದಂಡಿನಲ್ಲಿ ಕಾಲಾಳಾಗಿ ಹೆಸರು ಮಾಡಿದವರು ಅವರು. ಸುರಪುರದ ನಾಯಕರು ಇದೇ ಜನಾಂಗದ ಅರಸರು. ಇಳಕಲ್ಲಿನ ನೇಕಾರನ ಕೈಯಿಂದ ಲಾಳಿ ಕಸಿದರೆ ಏನಾಗುತ್ತದೆ? ನಮ್ಮ ಕೈಯಿಂದ ಕುಡುಗೋಲು ಕಸಿದರೆ ಏನಾಗುತ್ತದೆ? ಬೇಡರ ಕೈಯಿಂದ ಹತಾರ ಕಸಿದರೆ ಹಾಗೇ ಆಗುತ್ತದೆ. ಅನ್ನವೂ ಹೋಯಿತು, ಮಾನವೂ ಹೋಯಿತು.

ಈ ಕಾಯದೆ ಕಾಗದದ ಮೇಲೆ ಇತ್ತು. ಆಗ ನಮ್ಮ ಹಳ್ಳಿಗಳಲ್ಲಿ ಓದು ಬಲ್ಲವರು ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ಕಾಗದದಲ್ಲಿ ಏನಿದೆ ಎಂದು ಕಾರಕೂನ ಹೇಳಬೇಕು, ಜನ ಕೇಳಬೇಕು. ಓದಲು ಬಂದಿದ್ದರೆ ಹಲಗಲಿಯವರು ಒಪ್ಪುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಓದಿದ್ದರೂ ಅವರಿಗೆ ಸಿಟ್ಟು ಬರುತ್ತಿತ್ತು. ಆದರೆ ನಮ್ಮ ಬಾಳನ್ನು ಬದಲು ಮಾಡುವ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಉತಾರಕ್ಕೆ, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ಇಲ್ಲಿ ಎಷ್ಟು ಮಂದಿ ಇದ್ದೀರಿ!

ಹಲಗಲಿಯ ಬೇಡರು ಹತಾರ ಕೊಡಲು ಒಪ್ಪಲಿಲ್ಲ. ಕೇಳಲು ಬಂದ ಕಾರಕೂನನನ್ನು, ಸಿಪಾಯಿಗಳನ್ನು ಅವಮಾನ ಮಾಡಿ ಅಟ್ಟಿದರು. ಜಡಗ, ಬಾಳ, ಹನುಮ, ರಾಮ ಎಂಬವರು ಮುಂದಾಳು ಆದರು. ಸುತ್ತಲಿನ ಹಳ್ಳಿಗಳಿಂದಲೂ ಬೇಡರು ಬಂದು ಸೇರಿದರು. ಸುಮಾರು ಐದುನೂರು ಮಂದಿ ಕೂಡಿದರು.

ನವೆಂಬರ್ 29

ಈಗ ಆ ಕಾಲಾಳನ್ನು ಕಣ್ಣ ಮುಂದೆ ತಂದುಕೊಳ್ಳಿರಿ.

ಅವನಿಗೆ ಪಗಾರ ಇಲ್ಲ. ಕೆಂಪು ಅಂಗಿ ಇಲ್ಲ. ಕವಾಯತು ಕಲಿಸಿದವರಿಲ್ಲ. ಮನೆಯಲ್ಲಿ ಇದ್ದದ್ದೇ ಅವನ ಹತಾರ. ಒಬ್ಬನ ಕೈಯಲ್ಲಿ ಕತ್ತಿ. ಇನ್ನೊಬ್ಬನ ಕೈಯಲ್ಲಿ ಈಟಿ. ಮತ್ತೊಬ್ಬನ ಹತ್ತಿರ ಹಳೆಯ ನಾಡ ಬಂದೂಕು. ಹೊಲ ಕಾಯುವ ಕವಣೆ ಕಲ್ಲೂ ಅವತ್ತು ಹತಾರವೇ.

ಅದು ಚಳಿಗಾಲ. ನವೆಂಬರ್ ಅಂದರೆ ನಮ್ಮ ಕಡೆ ಹಿಂಗಾರಿ ಜೋಳ ಹೊಲದಲ್ಲಿ ಹಸಿರಾಗಿ ನಿಲ್ಲುವ ಕಾಲ. ತೆನೆ ಕೈಗೆ ಬರಲು ಇನ್ನೂ ದಿನ ಇರುತ್ತದೆ. ಹಗೇವಿನ ಹಳೆಯ ಜೋಳವೇ ಗತಿ.

1857ರ ನವೆಂಬರ್ 29ರಂದು ಕಂಪನಿಯ ಕುದುರೆ ದಂಡು ಹಲಗಲಿಗೆ ಬಂತು. ಆ ದಂಡಿನ ದೊಡ್ಡ ಅಧಿಕಾರಿ ಕರ್ನಲ್ ಮಾಲ್ಕಮ್. ಅವನ ಕೈಕೆಳಗೆ ಲೆಫ್ಟಿನೆಂಟ್ ಕೆರ್ ಎಂಬವನು. ಅಧಿಕಾರಿಗಳು ಇಂಗ್ಲಿಷರು. ಆದರೆ ಕುದುರೆ ಏರಿ ಬಂದ ಸವಾರರು ಯಾರು? ಆ ದಂಡಿನ ಹೆಸರೇ ದಕ್ಷಿಣ ಮರಾಠಾ ಕುದುರೆ ದಂಡು. ನಮ್ಮ ಸೀಮೆಗೆ ಆಗ ದಕ್ಷಿಣ ಮರಾಠಾ ದೇಶ ಅನ್ನುತ್ತಿದ್ದರು. ಸವಾರರು ಈ ಕಡೆಯವರೇ. ಜೋಳದ ರೊಟ್ಟಿ ತಿಂದು ಬೆಳೆದವರೇ.

ಇದನ್ನು ಸ್ವಲ್ಪ ಯೋಚಿಸಿರಿ, ಅಕ್ಕಂದಿರೇ. ಇಂಗ್ಲಿಷರಿಗೂ ನಮಗೂ ಯುದ್ಧ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಅದು ಖರೆ. ಆದರೆ ಓಣಿಯಲ್ಲಿ ನಿಂತು ನೋಡಿದವರಿಗೆ ಏನು ಕಂಡಿತು? ನಮ್ಮವನೇ ನಮ್ಮವನ ಮೇಲೆ ಕುದುರೆ ಏರಿ ಬಂದದ್ದು ಕಂಡಿತು. ಈ ಕಡೆ ಕತ್ತಿ ಹಿಡಿದವನಿಗೂ ತಾಯಿ ಇದ್ದಳು. ಆ ಕಡೆ ಕುದುರೆ ಏರಿದವನಿಗೂ ತಾಯಿ ಇದ್ದಳು. ಒಬ್ಬ ಮಾನಕ್ಕಾಗಿ ಬಂದಿದ್ದ. ಇನ್ನೊಬ್ಬ ಪಗಾರಕ್ಕಾಗಿ ಬಂದಿದ್ದ. ಇಬ್ಬರೂ ಬಡವರೇ.

ಬಯಲಿನಲ್ಲಿ ಕಾಲಾಳಿಗೆ ಕುದುರೆಯ ಮುಂದೆ ಉಳಿಗಾಲ ಇಲ್ಲ. ಓಡಿದರೆ ಹಿಡಿಯುತ್ತದೆ, ನಿಂತರೆ ತುಳಿಯುತ್ತದೆ. ಅದಕ್ಕೇ ಅವನಿಗೆ ಗೋಡೆ ಬೇಕು, ಹಳ್ಳ ಬೇಕು, ಗಿಡದ ಮರೆ ಬೇಕು. ಹಲಗಲಿಯವರಿಗೆ ಕೋಟೆ ಇರಲಿಲ್ಲ. ತಮ್ಮ ಮನೆಗಳನ್ನೇ ಕೋಟೆ ಮಾಡಿಕೊಂಡರು. ಮನೆಯ ಒಳಗಿನಿಂದ ಗುಂಡು ಹಾರಿಸಿದರು. ಜಗ್ಗಲಿಲ್ಲ.

ಮನೆ ಕೋಟೆ ಆದರೆ ಅದರ ಕಷ್ಟ ಯಾರಿಗೆ? ಅದೇ ಮನೆಯಲ್ಲಿ ಕೂಸು ಇರುತ್ತದೆ. ಮುದುಕಿ ಇರುತ್ತಾಳೆ. ಒಲೆ ಇರುತ್ತದೆ. ಕಟ್ಟಿದ ಎಮ್ಮೆ ಇರುತ್ತದೆ. ಯುದ್ಧ ಅಂದರೆ ಎಲ್ಲೋ ಬಯಲಿನಲ್ಲಿ ಗಂಡಸರು ಮಾಡುವುದು ಅಂತ ನಾವು ತಿಳಿದಿರುತ್ತೇವೆ. ಹಲಗಲಿಯಲ್ಲಿ ಯುದ್ಧ ಅಡುಗೆ ಮನೆಯ ಒಳಗೇ ಬಂತು.

ದಂಡಿನವರು ಊರಿಗೆ ಬೆಂಕಿ ಹಚ್ಚಿದರು. ಸುಮಾರು ನೂರು ಮಂದಿ ಬೇಡರು ಸತ್ತರು. 290 ಮಂದಿಯನ್ನು ಹಿಡಿದರು.

ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು ಗಲ್ಲಿಗೆ ಹಾಕಿದರು. ಡಿಸೆಂಬರ್ 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೆ ಹಾಕಿದರು. ಅವರಲ್ಲಿ ಜಡಗ ಇದ್ದ, ಬಾಳ ಇದ್ದ. ಹದಿಮೂರು ಮತ್ತು ಆರು ಎಷ್ಟು? ಹತ್ತೊಂಬತ್ತು. ಇದು ಕೂಡಿಸುವ ಲೆಕ್ಕ ಅಲ್ಲ, ತಾಯಂದಿರೇ. ಹತ್ತೊಂಬತ್ತು ಮನೆಗಳ ಕಥೆ.

ಹಲಗಲಿ ಸೋತರೂ ಸೀಮೆ ತಣ್ಣಗಾಗಲಿಲ್ಲ. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಯುದ್ಧ ಆಯಿತು. ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರು ಎದ್ದರು. ಜೂನ್ 12ರಂದು ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಿ ಸತ್ತ. ಅದೇ 1858ರಲ್ಲಿ ಕಂಪನಿ ಸರಕಾರವೂ ಮುಗಿಯಿತು. ಇಂಗ್ಲೆಂಡಿನ ರಾಣಿಯ ಸರಕಾರ ಬಂತು.

ಹಾಡಿನಲ್ಲಿ ಬೀಸುಕಲ್ಲು

ಹಲಗಲಿಯ ಕಥೆ ನಮಗೆ ಹೇಗೆ ತಿಳಿಯಿತು? ಸರಕಾರದ ಕಾಗದಗಳಲ್ಲಿ ಸರಕಾರದ ಮಾತು ಇದೆ. ಜನರ ಮಾತು ಲಾವಣಿಯಲ್ಲಿ ಇದೆ.

ನಮ್ಮ ಕಡೆಯ ಲಾವಣಿಕಾರರು ಈ ಕಥೆ ಕಟ್ಟಿ ಊರೂರಿಗೆ ಹಾಡಿದರು. ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಅದು ದಾಟಿತು. ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಸೀಮೆಯ ಲಾವಣಿಗಳನ್ನು ಬರೆಯಿಸಿಕೊಂಡ. 1885ರ ಸುಮಾರಿಗೆ ಅವನ್ನು ಅಚ್ಚು ಹಾಕಿಸಿದ. ಹಲಗಲಿಯ ಲಾವಣಿಯೂ ಹಾಗೆ ಅಚ್ಚಾಯಿತು. ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿಯೂ ಅದು ಪಾಠವಾಗಿ ಬಂತು. ನಿಮ್ಮ ಮಕ್ಕಳನ್ನು ಕೇಳಿ ನೋಡಿರಿ, ಹಲಗಲಿ ಬೇಡರು ಅಂದರೆ ಅವರಿಗೆ ನೆನಪಾದೀತು.

ಆ ಲಾವಣಿ ಓದುವಾಗ ಒಂದು ಕಡೆ ನಾನು ನಿಂತುಬಿಟ್ಟೆ. ಊರು ಲೂಟಿ ಆದ ಸಂಗತಿ ಅಲ್ಲಿ ಬರುತ್ತದೆ. ಏನೇನು ಹೋಯಿತು ಎಂದು ಹಾಡಿದವನು ಒಂದೊಂದೇ ಹೇಳುತ್ತಾನೆ.  ಉಪ್ಪು ಹೋಯಿತು ಅನ್ನುತ್ತಾನೆ. ಎಣ್ಣೆ ಹೋಯಿತು ಅನ್ನುತ್ತಾನೆ. ಹಾಲು, ಮೊಸರು, ಬೆಲ್ಲ ಹೋಯಿತು. ಉಣ್ಣುವ ಗಂಗಾಳ ಹೋಯಿತು. ಕೊರಳಿನ ಮಂಗಳಸೂತ್ರ ಹೋಯಿತು. ಬೀಸುಕಲ್ಲು ಸಹ ಹೋಯಿತು!

ಬೀಸುಕಲ್ಲು ಯಾರು ಕದಿಯುತ್ತಾರೆ? ಅದು ಬಂಗಾರವೆ? ಎತ್ತಲಿಕ್ಕೆ ಭಾರ. ಮಾರಿದರೆ ಎಷ್ಟು ಬಂದೀತು? ಆದರೂ ಹಾಡು ಅದನ್ನು ಮರೆಯಲಿಲ್ಲ. ಯಾಕೆ?

ಆಗ ನನಗೆ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಬುತ್ತಿ ಯಾರು ಕಟ್ಟಿದರು?

ಕಂಪನಿಯ ದಂಡಿಗೆ ಉಗ್ರಾಣ ಇತ್ತು. ಬಂಡಿ ಇದ್ದವು, ಎತ್ತು ಇದ್ದವು, ದಂಡಿನ ಹಿಂದೆ ಬಜಾರವೇ ನಡೆಯುತ್ತಿತ್ತು. ಸಿಪಾಯಿ ಪಗಾರದ ದುಡ್ಡು ಕೊಟ್ಟು ಹಿಟ್ಟು ಕೊಳ್ಳುತ್ತಿದ್ದ.

ಹಲಗಲಿಯ ಕಾಲಾಳಿಗೆ ಉಗ್ರಾಣ ಎಲ್ಲಿತ್ತು? ಅವನ ಮನೆಯ ಬೀಸುಕಲ್ಲೇ ಅವನ ಉಗ್ರಾಣ.

ನಾವು ಹೆಣ್ಣುಮಕ್ಕಳು ಈ ಲೆಕ್ಕ ಬಲ್ಲೆವು. ಐದುನೂರು ಮಂದಿ ಕೂಡಿದರು ಅಂತ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ. ಒಬ್ಬ ಗಂಡಸಿಗೆ ಒಂದು ಹೊತ್ತಿಗೆ ಎರಡು ರೊಟ್ಟಿ ಅಂದರೂ ಐದುನೂರು ಮಂದಿಗೆ ಸಾವಿರ ರೊಟ್ಟಿ. ಎರಡು ಹೊತ್ತಿಗೆ ಎರಡು ಸಾವಿರ. ಅಷ್ಟು ಜೋಳ ಹಸನು ಮಾಡಬೇಕು. ಬೀಸಬೇಕು. ಹಿಟ್ಟು ನಾದಬೇಕು. ಬಡಿಯಬೇಕು. ಬೇಯಿಸಬೇಕು. ಅದಕ್ಕೆ ನೀರು ತರಬೇಕು, ಕಟ್ಟಿಗೆ ತರಬೇಕು. ಆಗ ಗಿರಣಿ ಇರಲಿಲ್ಲ. ನಸುಕಿನಲ್ಲಿ ಎದ್ದು ಕೈಯಿಂದ ಬೀಸಿದ ಹಿಟ್ಟೇ ಹಿಟ್ಟು. ಮಾರನೆಯ ದಿನ ಮತ್ತೆ ಮೊದಲಿನಿಂದ.

ನಾಲ್ಕು ದಿನ ಕೆಡದಂತೆ ಇರಬೇಕಾದರೆ ಖಟಕ ರೊಟ್ಟಿ ಮಾಡುತ್ತೇವೆ. ಜೊತೆಗೆ ಅಗಸಿ ಹಿಂಡಿಯೋ, ಗುರೆಳ್ಳು ಹಿಂಡಿಯೋ, ಒಂದು ಉಳ್ಳಾಗಡ್ಡಿಯೋ. ಅರಿವೆಯಲ್ಲಿ ಕಟ್ಟಿದರೆ ಬುತ್ತಿ ಆಯಿತು. ಇದನ್ನು ನಮಗೆ ಯಾರು ಕಲಿಸಿದರು? ನಮ್ಮ ಅವ್ವಂದಿರು. ಅವರಿಗೆ ಅವರ ಅವ್ವಂದಿರು. ಹೊಲಕ್ಕೆ ಹೋಗುವವನಿಗೂ ಇದೇ ಬುತ್ತಿ, ದಂಡಿಗೆ ಹೋಗುವವನಿಗೂ ಇದೇ ಬುತ್ತಿ.

ಬೀಸುಕಲ್ಲು ಹೋಯಿತು ಅಂದರೆ ಮನೆಯ ಅನ್ನ ಹೋಯಿತು. ಕಾಲಾಳಿನ ಬಲ ಹೋಯಿತು. ಇದು ಹಾಡಿದವನಿಗೆ ಗೊತ್ತಿತ್ತು. ಅದಕ್ಕೇ ಅವನು ಲೂಟಿಯ ಸಾಲಿನಲ್ಲಿ ಬೀಸುಕಲ್ಲನ್ನೂ ಇಟ್ಟ ಅಂತ ನನಗೆ ಅನ್ನಿಸುತ್ತದೆ.

ಮಂಗಳಸೂತ್ರ ಹೋಯಿತು ಅಂದದ್ದಕ್ಕೂ ಎರಡು ಅರ್ಥ ಇವೆ. ಕೊರಳಿನದು ಕಿತ್ತುಕೊಂಡರು, ಅದು ಒಂದು. ಗಂಡನೇ ಹೋದ, ಅದು ಇನ್ನೊಂದು. ಡಿಸೆಂಬರ್ 14 ಕಳೆದು ಡಿಸೆಂಬರ್ 15 ಬಂದಾಗ ಆ ಊರಿನಲ್ಲಿ ಸುಟ್ಟ ಗೋಡೆಗಳ ನಡುವೆ ಹೆಂಗಸರು ಇದ್ದರು, ಮಕ್ಕಳು ಇದ್ದರು. ಹೊಲದಲ್ಲಿ ಜೋಳ ನಿಂತಿತ್ತು. ಅದನ್ನು ಕಾಯಬೇಕು, ಕೊಯ್ಯಬೇಕು, ರಾಶಿ ಮಾಡಬೇಕು. ಗಂಡಸರ ಯುದ್ಧ ಒಂದೆರಡು ದಿನಕ್ಕೆ ಮುಗಿಯಿತು. ಹೆಂಗಸರದು ಅವತ್ತಿನಿಂದ ಶುರು ಆಯಿತು. ಹಲಗಲಿ ಇವತ್ತಿಗೂ ಊರಾಗಿ ನಿಂತಿದೆ. ಸುಟ್ಟ ಊರು ತಾನಾಗಿಯೇ ಏಳುವುದಿಲ್ಲ. ಯಾರೋ ಮತ್ತೆ ಒಲೆ ಹೂಡಿದರು. ಯಾರೋ ಮತ್ತೆ ನೆಲ ಸಾರಿಸಿದರು.

ಅಜ್ಜಿ, ನೀವು ಕೇಳಿದಿರಿ: ಅವಗ ಪಗಾರ ಯಾರು ಕೊಟ್ಟರು? ಯಾರೂ ಕೊಡಲಿಲ್ಲ. ಅವನ ಬುತ್ತಿ ಯಾರು ಕಟ್ಟಿದರು? ನಿಮ್ಮಂಥವರು ಕಟ್ಟಿದರು.

ಹೆಸರು ಬರೆಯುವುದು

ಹಲಗಲಿಯ ಮುಂದಾಳುಗಳ ಹೆಸರು ನಮ್ಮ ಬಾಯಲ್ಲಿ ಉಳಿದಿದೆ. ಜಡಗ, ಬಾಳ, ಹನುಮ, ರಾಮ. ಹಾಡು ಅವರನ್ನು ಉಳಿಸಿತು. ಉಳಿದ ಕಾಲಾಳುಗಳು ನಮ್ಮ ಕಿವಿಗೆ ಬರುವುದು ಬರೀ ಎಣಿಕೆಯಾಗಿ. ಸತ್ತವರು ನೂರು. ಹಿಡಿದವರು ಇನ್ನೂರಾ ತೊಂಬತ್ತು. ಆ ನೂರು ಮಂದಿಗೂ ಒಂದೊಂದು ಹೆಸರು ಇತ್ತು. ತೊಟ್ಟಿಲಲ್ಲಿ ಹಾಕಿ, ಕಿವಿಯಲ್ಲಿ ಕೂಗಿ ಇಟ್ಟ ಹೆಸರು. ಅವರ ಬುತ್ತಿ ಕಟ್ಟಿದವರಿಗೂ ಹೆಸರು ಇತ್ತು. ಅವರಂತೂ ಎಣಿಕೆಗೂ ಬರಲಿಲ್ಲ.

ಓದು ಬರಹ ಕಲಿತು ಏನು ಮಾಡೋದು ಅಂತ ನಿಮಗೆ ಮನೆಯಲ್ಲಿ ಕೇಳುತ್ತಾರೆ. "ಈ ವಯಸ್ಸಿನಾಗ ನೀ ಏನ್ ಸಾಹೇಬಾಗಾಕಿ?" ಅಂತ ನಗುತ್ತಾರೆ. ಬಸ್ಸಿನ ಬೋರ್ಡು ಓದಬಹುದು, ಬ್ಯಾಂಕಿನಲ್ಲಿ ಸಹಿ ಮಾಡಬಹುದು ಅಂತ ನಾನು ಇಷ್ಟು ದಿನ ಹೇಳುತ್ತಿದ್ದೆ. ಅದು ಸುಳ್ಳಲ್ಲ. ಕಾಗದ ಬಂದರೆ ಅದರಲ್ಲಿ ಏನಿದೆ ಎಂದು ನೀವೇ ಓದಬಹುದು. ಅದು ದೊಡ್ಡ ಮಾತು. ಆದರೆ ಇನ್ನೂ ಒಂದು ಇದೆ. ನಮ್ಮವರ ಹೆಸರು ನಾವೇ ಬರೆಯಬಹುದು. ಫ್ಲೀಟ್ ಸಾಹೇಬ ಬರಲಿ ಅಂತ ಕಾಯಬೇಕಾಗಿಲ್ಲ.

ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ನಮ್ಮ ಹಿರಿಯರು ತವರು ಮನೆಯ ಹೆಸರು ಇಟ್ಟರು, ಅಣ್ಣ ತಮ್ಮಂದಿರ ಹೆಸರು ಇಟ್ಟರು. ಕಲ್ಲು ತಿರುಗುವ ತನಕ ಆ ಪದ ತಿರುಗಿತು. ಗಿರಣಿ ಬಂತು, ಕಲ್ಲು ಮೂಲೆಗೆ ಹೋಯಿತು. ಪದವೂ ಮರೆಯುತ್ತ ಬಂತು. ಇದ್ದಷ್ಟನ್ನು ಈಗ ಬರೆದು ಇಡಬೇಕು.

ಅದಕ್ಕೆ ಇವತ್ತಿನ ಪಾಠ ಹೀಗೆ. ಎಲ್ಲರೂ ಪಾಟಿ ತೆಗೆಯಿರಿ. ಮೂರು ಸಾಲು ಬರೆಯಿರಿ.

ಮೊದಲನೆಯ ಸಾಲಿನಲ್ಲಿ ನಿಮ್ಮ ಅವ್ವನ ಹೆಸರು, ಇಲ್ಲವೆ ಅಜ್ಜಿಯ ಹೆಸರು.

ಎರಡನೆಯ ಸಾಲಿನಲ್ಲಿ ಅವಳ ತವರೂರು.

ಮೂರನೆಯ ಸಾಲಿನಲ್ಲಿ ಅವಳು ಮಾಡುತ್ತಿದ್ದ ಒಂದು ಕೆಲಸ. ಬೀಸುತ್ತಿದ್ದಳು, ನೂಲು ಸುತ್ತುತ್ತಿದ್ದಳು, ಕಳೆ ತೆಗೆಯುತ್ತಿದ್ದಳು, ಸೂಲಗಿತ್ತಿ ಆಗಿದ್ದಳು, ಏನೇ ಇರಲಿ.

ತಪ್ಪಾದರೆ ಅಂಜಬೇಡಿರಿ. ಒತ್ತಕ್ಷರ ಬರದಿದ್ದರೆ ನನ್ನನ್ನು ಕೇಳಿರಿ. ನಾಳೆ ಇವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ನೀವೇ ಬರೆಯಿರಿ. ಆ ಬುಕ್ಕು ಈ ಕೇಂದ್ರದಲ್ಲೇ ಇರಲಿ. ಮುಂದೆ ಕಲಿಯಲು ಬಂದವರು ಅದನ್ನೇ ಪಾಠವಾಗಿ ಓದಲಿ.

ಅಜ್ಜಿ, ಪ್ರಶ್ನೆ ಕೇಳಿದವರು ನೀವು. ಅದಕ್ಕೆ ಮೊದಲು ನೀವೇ ಬರ್ರಿ. ಇಕಾ, ಸೀಮೆಸುಣ್ಣ ತಗೋರಿ. ಪಾಟಿ ಬ್ಯಾಡ, ದೊಡ್ಡ ಬೋರ್ಡಿನ ಮ್ಯಾಲ ಬರೀರಿ. ಎಲ್ಲಾರಿಗೂ ಕಾಣೂ ಹಂಗ ಬರೀರಿ.